ತಕ್ಕಡಿಯ ತಟ್ಟೆಯಲ್ಲಿ ಟೆಲಿಫೋನು

ಯಾರಾದರೂ ಏನನ್ನಾದರೂ ಹೇಳಿದ ಕೂಡಲೇ ನಂಬುವುದು ನನ್ನಿಂದ ಆಗದ ಕೆಲಸ. ಇದು ಗುಣವೆಂದು ನಾನೂ ದೋಷವೆಂದು ನನ್ನ ಹೆಂಡತಿಯೂ ನಲವತ್ತು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ನಾನು ಶಾಲೆಯಲ್ಲಿ ಓದಿದ್ದು ಏಳನೆಯ ತರಗತಿಯವರೆಗೆ ಮಾತ್ರ. ಮಿಕ್ಕ ವಿದ್ಯೆಯನ್ನೆಲ್ಲ ಹಳೆಯ ಪೇಪರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡೆ. ಹಾಗೆ ಕೊಂಡ ವಿದ್ಯೆಯಲ್ಲಿ ಒಂದು ಅನುಕೂಲವಿದೆ. ಎಷ್ಟೋ ಪುಸ್ತಕಗಳಿಗೆ ಕೊನೆಯ ಪುಟಗಳು ಇರುವುದಿಲ್ಲವಾದ್ದರಿಂದ ತೀರ್ಮಾನವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ನಮ್ಮ ಹಲಸೂರಿಗೆ ಆ ಹೆಸರು ಬಂದದ್ದು ಇಲ್ಲಿದ್ದ ಹಲಸಿನ ತೋಪಿನಿಂದ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಹಿರಿಯರು ಇಲ್ಲಿಯೇ ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆದವರು. ನಮ್ಮ ಅಜ್ಜಿಗೆ ಹಲಸಿನ ಹಣ್ಣೆಂದರೆ ಪ್ರಾಣ. ಆದರೆ ಆಕೆ ಹಣ್ಣು ತರಿಸುತ್ತಿದ್ದದ್ದು ಹೊಸಕೋಟೆಯ ಕಡೆಯಿಂದ. ಊರ ತುಂಬ ಹಲಸಿನ ಮರಗಳಿದ್ದಿದ್ದರೆ ಆಕೆಗೇಕೆ ಆ ಪಾಡು? ಈ ಪ್ರಶ್ನೆಗೆ ಯಾವ ಪಂಡಿತರೂ ನನಗೆ ಸಮಾಧಾನವಾಗುವ ಉತ್ತರ ಕೊಟ್ಟಿಲ್ಲ.

ಇಂಥ ಮನುಷ್ಯನಿಗೆ ದೇವರು ಹೇಳಿ ಮಾಡಿಸಿದಂಥ ಕಸುಬನ್ನೇ ಕೊಟ್ಟ. ಬಜಾರಿನ ಹಿಂದಿನ ಗಲ್ಲಿಯಲ್ಲಿ ನನ್ನದು ತಕ್ಕಡಿ ರಿಪೇರಿಯ ಅಂಗಡಿ. ತೂಗಿ ನೋಡದೆ ಏನನ್ನೂ ಒಪ್ಪದಿರುವುದು ಅಲ್ಲಿ ಹಟವಲ್ಲ, ಕರ್ತವ್ಯ. ಪ್ರತಿ ಅಂಗಡಿಯವರ ತಕ್ಕಡಿಗೂ ತೂಕದ ಕಲ್ಲುಗಳಿಗೂ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ಅದಕ್ಕಾಗಿ ಇನ್ಸ್‌ಪೆಕ್ಟರು ಒಂದು ದಿನ ನಮ್ಮ ಕಡೆಗೆ ಬಂದು ಶಾಲೆಯ ಮೈದಾನದಲ್ಲಿ ಕ್ಯಾಂಪು ಹಾಕುತ್ತಾರೆ. ಆ ದಿನ ಯಾವುದೆಂದು ಕಚೇರಿಯವರು ನನಗೆ ಫೋನಿನಲ್ಲಿ ತಿಳಿಸುವುದು, ನಾನು ಬಜಾರಿನವರಿಗೆ ತಿಳಿಸುವುದು, ಅವರು ತಂದುಕೊಟ್ಟ ತಕ್ಕಡಿಗಳನ್ನು ಸರಿಪಡಿಸಿ ನಾನು ಕ್ಯಾಂಪಿಗೆ ಒಯ್ಯುವುದು ರೂಢಿ. ಕ್ಯಾಂಪು ತಪ್ಪಿದರೆ ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದ ತಪ್ಪಿಗೆ ಅವರಿಗೆ ದಂಡ. ಮರುವರ್ಷ ಅವರು ಬೇರೆ ರಿಪೇರಿಯವನನ್ನು ಹುಡುಕಿಕೊಳ್ಳುವುದರಿಂದ ನನಗೂ ದಂಡ. ಆದ್ದರಿಂದ ಫೋನು ರಿಂಗಾದರೆ ನಾನು ಎತ್ತದೆ ಇರುವಂತಿರಲಿಲ್ಲ.

ಹೊಸ ಶತಮಾನ ಹುಟ್ಟಿದ ಮೇಲೆ ಆ ಫೋನಿಗೆ ಏನೋ ಬಡಿದುಕೊಂಡಿತು. ಸಾಲ ಬೇಕೇ ಎಂದೊಬ್ಬರು, ಕ್ರೆಡಿಟ್ ಕಾರ್ಡ್ ಬೇಡವೇ ಎಂದೊಬ್ಬರು, ದಂಪತಿಸಮೇತ ಹೋಟೆಲಿಗೆ ಬಂದರೆ ಊಟ ಪುಕ್ಕಟೆ ಎಂದೊಬ್ಬರು. ಬೇರೆಯವರು ಬೇಡವೆಂದು ಇಟ್ಟುಬಿಡುತ್ತಿದ್ದರು. ನನಗೆ ಅದು ಪಲಾಯನವೆನಿಸಿತು. ಊಟ ಪುಕ್ಕಟೆಯಾದರೆ ಅಡಿಗೆಯವರಿಗೆ ಸಂಬಳ ಯಾರು ಕೊಡುತ್ತಾರೆ, ನನ್ನ ಹೆಂಡತಿ ಬಾರದಿದ್ದರೆ ಅರ್ಧ ಊಟವೋ ಇಡೀ ಊಟವೋ ಎಂದು ನಾನು ಕ್ರಮವಾಗಿ ವಿಚಾರಿಸುತ್ತಿದ್ದೆ. ಒಮ್ಮೆ ಸಾಲ ಮಾರುವ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ತಾಳಿಕೊಂಡು, "ಸಾರ್, ಬೇಡ ಅಂದ್ರೆ ಬೇಡ ಅನ್ನಿ. ವೈವಾ ಯಾಕೆ ಮಾಡ್ತೀರ?" ಎಂದು ಅಳುದನಿಯಲ್ಲಿ ಕೇಳಿದಳು. ವೈವಾ ಎಂದರೇನೆಂದು ನಾನು ಅವಳನ್ನೇ ಕೇಳಿದೆ. ಅವಳು ಫೋನ್ ಇಟ್ಟಳು. ನಾನು ಗೆದ್ದೆನೆಂದುಕೊಂಡೆ. ಆದರೆ ಮಾತು ಕೇಳುವ ಮುದುಕನೊಬ್ಬ ಹಲಸೂರಿನಲ್ಲಿದ್ದಾನೆಂಬ ಸುದ್ದಿ ಹಬ್ಬಿತೋ ಏನೋ, ಕರೆಗಳು ಇಮ್ಮಡಿಯಾದವು.

ಈ ಹಂತದಲ್ಲಿ ಜಯಮೇರಿಯಮ್ಮನವರ ವಿಷಯವನ್ನು ಹೇಳಲೇಬೇಕು. ಮರ್ಫಿ ಟೌನಿನಿಂದ ದಿನವೂ ನಡೆದು ಬಂದು ಹನ್ನೆರಡು ವರ್ಷಗಳಿಂದ ನನ್ನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಮನೆಮಾತು ತಮಿಳು. ತಕ್ಕಡಿಯ ದಂಡಿಗೆಯನ್ನು ಅರದಿಂದ ಎರಡೇ ಎಳೆತ ಎಳೆದು ಮುಳ್ಳನ್ನು ನಟ್ಟನಡುವೆ ನಿಲ್ಲಿಸುವ ಅಂಥ ಕೈಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಕೈಗೆ ಆರೇಳು ಎಳೆತಗಳು ಬೇಕು. ಫೋನಿನ ಪೀಡೆಗೆ ಆಕೆ ಕಂಡುಕೊಂಡ ಮದ್ದೂ ಅಷ್ಟೇ ಹಗುರವಾದದ್ದು. ಮಾರುವವರ ದನಿ ಕೇಳಿದೊಡನೆ "ಹೇಳಿ ಸಾರ್, ಕೇಳ್ತಾ ಇದೀವಿ" ಎಂದು ರಿಸೀವರನ್ನು ಮೇಜಿನ ಮೇಲಿದ್ದ ಹಿತ್ತಾಳೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮಲಗಿಸಿ, ಇನ್ನೊಂದಕ್ಕೆ ಇನ್ನೂರು ಗ್ರಾಮಿನ ಕಲ್ಲು ಹಾಕಿ, ಅರ ಹಿಡಿದು ಕೂರುತ್ತಿದ್ದರು. ತಟ್ಟೆಯಲ್ಲಿ ಆ ಕಡೆಯವರು ಬಡಬಡಿಸಿ ಬಡಬಡಿಸಿ ತಾವೇ ಸುಮ್ಮನಾಗುತ್ತಿದ್ದರು.

"ಇದೇನಮ್ಮ ಹೀಗೆ?" ಎಂದು ಮೊದಲ ದಿನ ಕೇಳಿದೆ.

"ನೋಡಿ ಸಾರ್, ಲಕ್ಷದ ಮಾತಾಡಿದ್ರೂ ಅಷ್ಟೇ ತೂಕ, ಕೋಟಿ ಮಾತಾಡಿದ್ರೂ ಅಷ್ಟೇ ತೂಕ. ಇನ್ನು ಜಗಳ ಯಾತಕ್ಕೆ?"

ನಾನು ಕಿಲೋಗಟ್ಟಲೆ ಓದಿದ ತತ್ತ್ವಶಾಸ್ತ್ರದಲ್ಲಿ ಈ ವಾಕ್ಯ ಇರಲಿಲ್ಲ. ಬಹುಶಃ ಹರಿದುಹೋದ ಕೊನೆಯ ಪುಟಗಳಲ್ಲಿ ಇದ್ದಿರಬೇಕು.

ಒಂದು ದಿನ ಬೇರೆಯೇ ದನಿಯೊಂದು ಬಂತು. ಅಚ್ಚುಕಟ್ಟಾದ ಕನ್ನಡದಲ್ಲಿ ತಾವು ಮುದ್ರೆಯ ಕಚೇರಿಯವರೆಂದೂ ಇನ್ನು ಮುಂದೆ ಕ್ಯಾಂಪಿಗೆ ಬರುವವರು ಮೂರು ಸಾವಿರದ ನೋಂದಣಿ ಪುಸ್ತಕ ಕೊಳ್ಳಬೇಕೆಂದೂ ನಾಲ್ಕು ಗಂಟೆಗೆ ತಮ್ಮ ಮನುಷ್ಯ ತರುವನೆಂದೂ ಹೇಳಿದರು. ನಾನು ವಿಚಾರಣೆಗೆ ಸೊಂಟ ಕಟ್ಟುವಷ್ಟರಲ್ಲಿ ಅವರೇ, "ಯಜಮಾನರೇ, ನಿಮ್ಮಂಥ ಅನುಭವಸ್ಥರು ನನ್ನ ಮಾತನ್ನು ಹಾಗೇ ನಂಬಬಾರದು. ಒಂದು ನಂಬರ್ ಕೊಡ್ತೀನಿ, ಬರ್ಕೊಳ್ಳಿ. ಅಲ್ಲಿ ವಿಚಾರಿಸಿ, ಆಮೇಲೆ ತೀರ್ಮಾನ ಮಾಡಿ" ಎಂದರು. ಜನ್ಮದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಸಂದೇಹಕ್ಕೆ ಗೌರವ ಕೊಟ್ಟಿದ್ದರು. ಆ ನಂಬರಿಗೆ ಫೋನ್ ಮಾಡಿ ವಿಚಾರಿಸಿದೆ. ಎಲ್ಲವೂ ನಿಜವೆಂದು ಅಲ್ಲಿದ್ದವರು ದೃಢಪಡಿಸಿದರು. ಪರೀಕ್ಷಿಸಿ ಒಪ್ಪಿಕೊಂಡ ತೃಪ್ತಿಯಿಂದ ದುಡ್ಡು ತೆಗೆದಿಡುವಂತೆ ಜಯಮೇರಿಯಮ್ಮನವರಿಗೆ ಹೇಳಿದೆ.

"ಆ ನಂಬರ್ ಯಾರು ಕೊಟ್ಟಿದ್ದು ಸಾರ್?"

"ಅವರೇ."

ಆಕೆ ನಗಲಿಲ್ಲ. ಆಕೆಯ ಗುಣಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ನನ್ನ ಕೈಯಿಂದ ಚೀಟಿ ತೆಗೆದುಕೊಂಡು ತಾವೇ ನಂಬರು ಒತ್ತಿದರು. ಮುದ್ರೆಯಲ್ಲಿ ವರ್ಷದ ಅಂಕಿಯ ಜತೆಗೆ ಮೂರು ತಿಂಗಳಿಗೊಂದರಂತೆ ಅಕ್ಷರವೂ ಇರುತ್ತದೆ: ಎ, ಬಿ, ಸಿ, ಡಿ, ಐದನೆಯದಿಲ್ಲ. ಕಚೇರಿಯ ಜವಾನನಿಗೂ ಇದು ಗೊತ್ತು.

"ಸಾರ್, ಈ ಸಲ ಸೀಲಿನ ಅಕ್ಷರ ಏನು ಅಂತ ಸ್ವಲ್ಪ ಹೇಳಿ. ಯಜಮಾನ್ರು ಬರ್ಕೋಬೇಕಂತೆ."

ಆ ಕಡೆಯಿಂದ ನನಗೂ ಕೇಳಿಸುವಷ್ಟು ಗಟ್ಟಿಯಾಗಿ, "ಎಸ್ ಅಮ್ಮ. ಸೀಲಿಗೆ ಎಸ್."

"ರೊಂಬ ಥ್ಯಾಂಕ್ಸ್ ಸಾರ್" ಎಂದು ಆಕೆ ರಿಸೀವರನ್ನು ತಟ್ಟೆಯಲ್ಲಿ ಮಲಗಿಸಿದರು. ಸಿಕ್ಕಿಬಿದ್ದದ್ದು ಅವರಿಗೂ ಗೊತ್ತಾಗಿರಬೇಕು, ನಾಲ್ಕು ಗಂಟೆಗೆ ಯಾರೂ ಬರಲಿಲ್ಲ.

ಈ ಕಥೆಯನ್ನು ನಾನು ಬಜಾರಿನ ಅಂಗಡಿ ಅಂಗಡಿಗೂ ಹೋಗಿ ಹೇಳಿದೆ. ನಾನು ಹೇಳಿದ ಕಥೆಯಲ್ಲಿ ಅಕ್ಷರ ಕೇಳಿದವನು ನಾನೇ ಆಗಿದ್ದೆ. ಜನ ಹೇಳುವ ಕಥೆಗಳನ್ನು ಏಕೆ ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. "ಫೋನಿನಲ್ಲಿ ಯಾರು ನಯವಾಗಿ ಮಾತಾಡಿದರೂ ಎತ್ತಿ ತಟ್ಟೆಯಲ್ಲಿಡಿ" ಎಂದು ಎಲ್ಲರಿಗೂ ಬೋಧಿಸಿದೆ. ಅಕ್ಕಿ ಅಂಗಡಿಯ ನಂಜುಂಡ ಶೆಟ್ಟರಂತೂ ಕೈಮುಗಿದು ಕೇಳಿದರು.

ಮೂರು ವಾರಗಳ ಮೇಲೆ, ಜಯಮೇರಿಯಮ್ಮನವರು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ರಿಂಗಾಯಿತು.

"ತಕ್ಕಡಿ ರಿಪೇರಿನಾ? ನಾಳೆ ಹತ್ತು ಗಂಟೆಗೆ ಕ್ಯಾಂಪು. ಎಲ್ರಿಗೂ ಹೇಳ್ಬಿಡಿ."

"ತಾವು ಯಾರು?"

"ಇನ್ಸ್‌ಪೆಕ್ಟರ್ ರೀ. ಹೊಸದಾಗಿ ಬಂದಿದೀನಿ."

"ಈ ಸಲದ ಅಕ್ಷರ ಯಾವುದು?"

"ಸಿ."

ಉತ್ತರ ಸರಿಯಾಗಿತ್ತು. ಆದರೆ ಇರುವುದೇ ನಾಲ್ಕು ಅಕ್ಷರ. ಊಹಿಸಿ ಹೇಳುವುದು ಏನು ಮಹಾ? "ಹಿಂದಿನ ಸಲದ್ದು?" ಎಂದೆ.

"ಸಿ ಹಿಂದೆ ಬಿ ಬರ್ದೆ ಇನ್ನೇನ್ರೀ ಬರುತ್ತೆ? ತಲೆ ಗಿಲೆ ಕೆಟ್ಟಿದೆಯಾ? ನಾನು ಪರೀಕ್ಷೆ ಪಾಸ್ ಮಾಡೇ ಕೆಲ್ಸಕ್ಕೆ ಸೇರಿರೋನು!"

ನಾನು ರಿಸೀವರನ್ನು ಮೆಲ್ಲನೆ ತಟ್ಟೆಯಲ್ಲಿ ಮಲಗಿಸಿದೆ. ಎದುರಿನ ತಟ್ಟೆಗೆ ಇನ್ನೂರು ಗ್ರಾಮಿನ ಕಲ್ಲನ್ನೂ ಹಾಕಿದೆ.

ಕೈತೊಳೆದು ಬಂದ ಜಯಮೇರಿಯಮ್ಮ, "ಯಾರು ಸಾರ್?" ಎಂದರು.

"ಯಾರೋ ಮೋಸಗಾರ. ನಾಳೆಯೇ ಕ್ಯಾಂಪಂತೆ."

"ದುಡ್ಡು ಕೇಳಿದ್ರಾ?"

"ಇಲ್ಲ."

"ನಿಮ್ಮನ್ನ ಹೊಗಳಿದ್ರಾ?"

"ಇಲ್ಲ. ಬೈದರು."

"ಅಯ್ಯೋ ಸಾರ್, ಹಂಗಾದ್ರೆ ಅದು ಆಫೀಸಿನವ್ರೇ!"

ಗೋಡೆಯ ಮೇಲಿನ ನನ್ನ ಲೈಸೆನ್ಸಿನಲ್ಲಿ ಕಚೇರಿಯ ನಂಬರು ಅಚ್ಚಾಗಿತ್ತು. ಇಷ್ಟು ವರ್ಷವೂ ಅದು ನನ್ನ ನೆತ್ತಿಯ ಮೇಲೆಯೇ ತೂಗಾಡುತ್ತಿತ್ತು. ಆಕೆ ಅದಕ್ಕೆ ಫೋನ್ ಮಾಡಿದರು. ಕ್ಯಾಂಪು ನಿಜ, ನಾಳೆ ಹತ್ತಕ್ಕೆ. ಮೂವತ್ತು ಅಂಗಡಿಗಳ ತಕ್ಕಡಿಗಳು ಸಂಜೆಯೊಳಗೆ ಬರಬೇಕು. ತಪ್ಪು ನನ್ನದಾದ್ದರಿಂದ ನಾನೇ ಫೋನ್ ಹಿಡಿದೆ. ಪಶ್ಚಾತ್ತಾಪದಿಂದ ನನ್ನ ದನಿ ಎಂದಿಲ್ಲದಷ್ಟು ಮೃದುವಾಗಿತ್ತು.

"ಶೆಟ್ಟರೇ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಾಳೆಯೇ ಕ್ಯಾಂಪು. ತಮ್ಮ ತಕ್ಕಡಿಯನ್ನು ಈಗಲೇ ತಂದುಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ..."

"ಹೇಳಿ ಹೇಳಿ, ಕೇಳ್ತಾ ಇದೀವಿ" ಎಂದಿತು ಆ ಕಡೆ. ಹಿಂದೆಯೇ ಠಣ್ ಎಂದು ಹಿತ್ತಾಳೆಯ ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಆ ತಟ್ಟೆಗೆ ಸರಪಳಿ ಕೂರಿಸಿದವನು ನಾನೇ. ಆಮೇಲೆ ಅಕ್ಕಿ ಅಳೆಯುವ ಸದ್ದು, ಯಾರೋ ಸೋನಾ ಮಸೂರಿಯ ಬೆಲೆ ಕೇಳುವ ಸದ್ದು. ನಾನು ತಟ್ಟೆಯಲ್ಲಿ ಮಲಗಿಕೊಂಡೇ ಎರಡು ನಿಮಿಷ ಕೂಗಿದೆ.

ಜಯಮೇರಿಯಮ್ಮನವರು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ನಂಬರು ಒತ್ತಿದರು. "ಏನ್ ಶೆಟ್ರೇ, ನಾಳೆ ಕ್ಯಾಂಪು, ತಕ್ಕಡಿ ತರ್ತೀರೋ, ದಂಡ ಕಟ್ತೀರೋ? ನಿಮ್ಗೆ ಮನೆಗೆ ಬಂದು ಆರತಿ ಎತ್ತಿ ಕರೀಬೇಕಾ?" ಎಂದು ಗದರಿದರು. ಮೂವತ್ತು ಮಂದಿಗೂ ಅದೇ ಮಂತ್ರ. ಸಂಜೆ ಆರಕ್ಕೆಲ್ಲ ಗಲ್ಲಿಯ ತುಂಬ ತಕ್ಕಡಿಗಳು.

ಕೊನೆಗೆ ಬಂದವರು ಶೆಟ್ಟರು. ಹೆಗಲಿನ ದಂಡಿಗೆಯನ್ನು ಇಳಿಸಿ, ನನ್ನ ಬಳಿಗೆ ಬಂದು ದನಿ ತಗ್ಗಿಸಿದರು. "ಅಮ್ಮ ಬೈದ್ರು, ಸರಿ, ನಿಜ ಇರ್ಬೇಕು ಅಂತ ಬಂದೆ. ಅದಕ್ಕೆ ಮುಂಚೆ ಒಬ್ಬ ಕಳ್ಳ ಫೋನ್ ಮಾಡಿದ್ದ ಯಜಮಾನ್ರೇ. ಥೇಟ್ ನಿಮ್ಮದೇ ಧ್ವನಿ! ಆದ್ರೆ ಏನು ವಿನಯ, ಏನು ವಿನಯ! ಅಲ್ಲೇ ಸಿಕ್ಕಿಬಿದ್ದ. ನೀವು ಸ್ವಲ್ಪ ಹುಷಾರಾಗಿರಿ."

ಹುಷಾರಾಗಿರುವುದಾಗಿ ನಾನು ಶೆಟ್ಟರಿಗೆ ಮಾತು ಕೊಟ್ಟೆ. ಜಯಮೇರಿಯಮ್ಮನವರು ತಲೆಯೆತ್ತದೆ ಶೆಟ್ಟರ ತಕ್ಕಡಿಯ ತಟ್ಟೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಆಗಲೂ ನಗಲಿಲ್ಲ.