ನಾಲ್ಕನೆಯ ಲಾರಿಯ ಮುಂದಿನ ಜಾಗ

ಖಾಲಿ ಜಾಗ ಕಂಡರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಇದೊಂದು ದೋಷ ಎಂದು ಒಪ್ಪಿಕೊಳ್ಳಲು ಐವತ್ತೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಚುರುಕುತನ ಎಂದೇ ತಿಳಿದಿದ್ದೆ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವುದು, ಬ್ಯಾಂಕಿನ ಸಾಲಿನಲ್ಲಿ ಮುಂದಿನವರು ಕೆಮ್ಮಲು ಪಕ್ಕಕ್ಕೆ ಬಾಗಿದರೆ ಆ ಒಂದು ಗೇಣಿನಲ್ಲಿ ಭುಜ ತೂರಿಸುವುದು, ಮದುವೆ ಮನೆಯಲ್ಲಿ ಉಣ್ಣುತ್ತಿರುವವರ ಕುರ್ಚಿಯ ಹಿಂದೆ ನಿಂತು ಅವರು ಮಜ್ಜಿಗೆಗೆ ಬರುವುದನ್ನೇ ಕಾಯುವುದು, ಇವೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ನಮ್ಮ ಕಡೆ ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದೂ ಇಲ್ಲ. ಯಲಬುರ್ಗಾದ ಒಂದು ಮದುವೆಯಲ್ಲಿ ನಾನು ಹೀಗೆ ಒಬ್ಬರ ಬೆನ್ನಿಗೆ ನಿಂತಿದ್ದಾಗ ಅವರು ತಿರುಗಿ ನೋಡಿ, "ಇನ್ನ ಎರಡ ತುತ್ತ ಅದಾವ್ರಿ. ಚೀಲಾ ಕೆಳಗ ಇಡ್ರಿ, ಕೈ ನೋಯ್ತಾವು" ಎಂದಿದ್ದರು. ಜಾಗ ಬಿಟ್ಟುಕೊಡುವವರು ಇರುವವರೆಗೆ ನುಗ್ಗುವವರಿಗೆ ತಾವು ನುಗ್ಗುತ್ತಿದ್ದೇವೆ ಎಂದು ತಿಳಿಯುವುದೇ ಇಲ್ಲ.

ನನ್ನ ಮನೆ ಕಾರಟಗಿಯಲ್ಲಿ, ಕೆಲಸ ಗಂಗಾವತಿಯಲ್ಲಿ. ಅಕ್ಕಿ ಸಾಗಿಸುವ ಲಾರಿಗಳ ಆಫೀಸಿನಲ್ಲಿ ನಾನು ಮ್ಯಾನೇಜರ್. ಹಾಗೆಂದರೆ ಫೋನ್ ಎತ್ತುವವನು, ಬೈಸಿಕೊಳ್ಳುವವನು, ಅಮಾವಾಸ್ಯೆಗೊಮ್ಮೆ ಲಾರಿಗಳ ಪೂಜೆ ಮಾಡುವವನು. ಬೆಳಿಗ್ಗೆ ಒಂಬತ್ತಕ್ಕೆ ಬೈಕ್ ಹತ್ತುತ್ತೇನೆ. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿರುತ್ತದೆ. ಪೊಲೀಸರು ಕಾಣಿಸಿದಾಗ ಮಾತ್ರ ತಲೆಗೆ ಏರುತ್ತದೆ. ಸೀಟಿನ ಹಿಂದಿನ ಹಿಡಿಗೆ ಬುತ್ತಿಯ ಚೀಲ. ಹಳೆಯ ಅಕ್ಕಿ ಚೀಲವೊಂದನ್ನು ಕತ್ತರಿಸಿ ನನ್ನ ಹೆಂಡತಿ ಶಾಂತಾ ಅದನ್ನು ಹೊಲಿದಿದ್ದಾಳೆ. ಹೊಲಿಯುವ ಭರದಲ್ಲಿ ಚೀಲದ ಮೇಲಿದ್ದ ಹಸಿರು ಗಿಳಿಯ ಚಿತ್ರ ತಲೆಕೆಳಗಾಗಿದೆ. "ಗಿಳಿ ಉಲ್ಟಾ ಆಗೈತಲ್ಲ" ಎಂದರೆ, "ಒಳಗಿನ ರೊಟ್ಟಿ ಉಲ್ಟಾ ಆಗ್ಯಾವೇನು?" ಎಂದಳು. ಹತ್ತು ವರ್ಷದಿಂದ ಆ ಗಿಳಿ ಹಾಗೇ ನೇತಾಡುತ್ತ ನನ್ನ ಜೊತೆ ಓಡಾಡುತ್ತಿದೆ.

ದಿನ ಬಿಟ್ಟು ದಿನ, ನಾನು ಹೊರಡುವ ಹೊತ್ತಿಗೇ ಕಾರಟಗಿಯ ಮಿಲ್ಲಿನಿಂದ ನಮ್ಮ ನಾಲ್ಕು ಲಾರಿಗಳೂ ಅಕ್ಕಿ ತುಂಬಿಕೊಂಡು ಹೊರಡುತ್ತವೆ. ಗಂಗಾವತಿ, ಕೊಪ್ಪಳ, ಕುಷ್ಟಗಿ ದಾಟಿ ದೊಡ್ಡ ಹೆದ್ದಾರಿ ಹಿಡಿದು ಸೊಲ್ಲಾಪುರದ ಕಡೆಗೆ ಪಯಣ. ಒಂದರ ಹಿಂದೆ ಒಂದು, ಸಾಲು ತಪ್ಪುವಂತಿಲ್ಲ. ಸಾಲಿನ ಕೊನೆಯ ಲಾರಿ ಎಲ್ಲರಿಗಿಂತ ಹಿರಿಯನದು ಎಂಬುದು ನಮ್ಮ ಆಫೀಸಿನ ರಿವಾಜು. ಆ ಹಿರಿಯ ದುರಗಪ್ಪ. ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದವನು, ಒಂದು ಕೋಳಿಯ ಮೇಲೂ ಚಕ್ರ ಹಾಯಿಸಿದವನಲ್ಲ. ಅವನ ಅಪ್ಪ ಕುಷ್ಟಗಿ ಕಡೆ ಕುರಿ ಕಾಯುತ್ತಿದ್ದನಂತೆ. "ಮುಂದ ನಡ್ಯಾಂವಗ ದಾರಿ ಅಷ್ಟ ಕಾಣ್ತೈತ್ರಿ. ಹಿಂದ ಇದ್ದಾಂವಗ ಹಿಂಡೂ ಕಾಣ್ತೈತಿ. ಅದಕ್ಕ ನಮ್ಮಪ್ಪ ಯಾವಾಗ್ಲೂ ಹಿಂದ ಇರ್ತಿದ್ದ" ಎಂದು ಅವನೇ ಹೇಳಿದ್ದ.

ಇಂಥ ಸಾಲಿನೊಳಗೆ ಮಷೀನು ಬಂತು. ನಮ್ಮ ಸಾವ್ಕಾರರು ಎಲ್ಲಿಯೋ ಒಂದು ವಿಡಿಯೊ ನೋಡಿದ್ದರು. ಯಾವುದೋ ದೇಶದ ಹೆದ್ದಾರಿಯಲ್ಲಿ ಲಾರಿಗಳು ರೈಲಿನ ಡಬ್ಬಿಗಳಂತೆ ಒತ್ತೊತ್ತಾಗಿ ಓಡುತ್ತವೆ. ಮುಂದಿನದು ಗಾಳಿ ಸೀಳುತ್ತದೆ, ಹಿಂದಿನವು ಆ ನೆರಳಿನಲ್ಲಿ ಕಡಿಮೆ ಡೀಸೆಲ್ ಕುಡಿಯುತ್ತವೆ. ಮುಂದಿನದು ಬ್ರೇಕ್ ಹಾಕಿದರೆ ಹಿಂದಿನವಕ್ಕೆ ತಾವಾಗಿಯೇ ಬ್ರೇಕ್ ಬೀಳುತ್ತದೆ. ಸಾವ್ಕಾರರಿಗೆ ಹಿಡಿಸಿದ್ದು ಡೀಸೆಲ್, ನಮಗೆ ಹೇಳಿದ್ದು ಜೀವ. ತಿಂಗಳೊಳಗೆ ನಾಲ್ಕೂ ಲಾರಿಗಳ ಬಂಪರಿನ ನಟ್ಟನಡುವೆ ಅಂಗೈಯಗಲದ ಒಂದೊಂದು ಕಪ್ಪು ಗಾಜಿನ ಕಣ್ಣು, ಕ್ಯಾಬಿನ್ನಿನ ಗಾಜಿಗೆ ಒಂದು ಕ್ಯಾಮೆರಾ, ಡ್ರೈವರನ ಮುಂದೆ ಒಂದು ಡಬ್ಬಿ ಬಂದು ಕೂತವು. ಎದುರು ಯಾರಾದರೂ ತೀರಾ ಹತ್ತಿರ ಬಂದದ್ದು ಕಣ್ಣಿಗೆ ಕಂಡರೆ ಡಬ್ಬಿ ಕಿರುಚುತ್ತದೆ, ಡ್ರೈವರ್ ಸುಮ್ಮನಿದ್ದರೆ ತಾನೇ ಬ್ರೇಕ್ ಒತ್ತುತ್ತದೆ. ಕಿರುಚಿದಾಗಲೆಲ್ಲ ಎದುರಿನ ಒಂದು ಫೋಟೊ ತೆಗೆದಿಟ್ಟು, ನೂರು ಅಂಕದಲ್ಲಿ ಒಂದಿಷ್ಟು ಕಳೆಯುತ್ತದೆ. ಶನಿವಾರ ಸಂಜೆ ನಾಲ್ವರ ಅಂಕವೂ ನನ್ನ ಕಂಪ್ಯೂಟರಿಗೆ ಬರುತ್ತದೆ. ನನ್ನನ್ನು ಸುರಕ್ಷತಾ ಅಧಿಕಾರಿ ಎಂದೂ ಮಾಡಿದರು. ಆ ಹುದ್ದೆಯ ಜೊತೆ ಒಂದು ರಬ್ಬರ್ ಸ್ಟಾಂಪು, ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂದವು. ಸ್ಟಾಂಪನ್ನು ಅಂದೇ ಬಳಸಿದೆ. ಪುಸ್ತಕ ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಉಪಯೋಗಕ್ಕೆ ಬಂತು.

ಅದೇ ವಾರ ಅಮಾವಾಸ್ಯೆ. ಬಂಪರಿನ ನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದು, ಅದರ ಮೇಲೆ ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕುವುದು ನಾನು ವರ್ಷಾನುಗಟ್ಟಲೆ ಮಾಡಿಕೊಂಡು ಬಂದ ಕೆಲಸ. ಬಂಪರಿನ ನಡುವೆ ಈಗ ಮಷೀನಿನ ಕಣ್ಣಿತ್ತು. ಕೈ ತನ್ನ ರೂಢಿಯಂತೆ ಅಲ್ಲಿಗೇ ಹೋಯಿತು. ಗಾಜು ನುಣ್ಣಗಿದ್ದುದರಿಂದ ವಿಭೂತಿ ಹಿಂದೆಂದೂ ಇಲ್ಲದಷ್ಟು ಚೆಂದ ಕೂತಿತು. ಮೊದಲ ಎರಡು ಲಾರಿಯವರು ಢಾಬಾದಲ್ಲಿ ಗಾಡಿ ತೊಳೆದಾಗ ಅರ್ಧ ಅಳಿಸಿತಂತೆ. ಮೂರನೆಯ ಲಾರಿಯ ವಿರುಪಾಕ್ಷಿ ಭಾರಿ ಭಕ್ತ; ಅವನು ಒರೆಸಲಿಲ್ಲ, ದಿನಾ ಬೆಳಿಗ್ಗೆ ಅದರ ಮೇಲೆ ಮತ್ತೊಂದು ಪದರ ಬಳಿಯತೊಡಗಿದ. ದುರಗಪ್ಪ ಮಾತ್ರ ನನ್ನ ಎದುರೇ ಹೆಗಲ ಮೇಲಿನ ವಸ್ತ್ರ ತೆಗೆದು ಮಷೀನಿನ ಕಣ್ಣು ಒರೆಸಿದ.

"ಕಣ್ಣಾಗ ವಿಭೂತಿ ಬಿದ್ರ ಮನಷ್ಯಾಗ ಕಾಣಂಗಿಲ್ಲ. ಇದಕ್ಕ ಹೆಂಗ ಕಾಣಬೇಕ್ರಿ ಸಾಹೇಬ್ರ?"

"ದೇವರ ಕೆಲಸದಾಗ ತಲಿ ಓಡಸಬಾರ್ದು ದುರಗಪ್ಪ" ಎಂದು ಗದರಿದೆ. ಸುರಕ್ಷತಾ ಅಧಿಕಾರಿಯಾಗಿ ನಾನು ಆಡಿದ ಮೊದಲ ಮಾತು ಅದು.

ಮರುದಿನ ವಿರುಪಾಕ್ಷಿ ಫೋನ್ ಮಾಡಿದ. "ಸಾಹೇಬ್ರ, ಡಬ್ಬ್ಯಾಗ ಹಳದಿ ದೀಪ ಹತ್ತಿ ನಿಂತೈತ್ರಿ. ಆರವಲ್ದು."

"ಕಿರುಚತೈತೇನು?"

"ಇಲ್ರೀ, ಗಪ್ ಚುಪ್ ಐತಿ. ಲಕ್ಷಣ ಛಲೋ ಕಾಣ್ತೈತಿ."

"ಹಂಗಾದ್ರ ಇರ್ಲಿ ಬಿಡು" ಎಂದೆ.

ಮೂರು ತಿಂಗಳು ಅಂಕಗಳು ಬಂದವು. ಮೊದಲ ಇಬ್ಬರದು ಎಪ್ಪತ್ತರ ಆಸುಪಾಸು. ವಿರುಪಾಕ್ಷಿ ಪ್ರತಿ ವಾರ ನೂರಕ್ಕೆ ನೂರು. ದುರಗಪ್ಪ ಒಮ್ಮೆ ಇಪ್ಪತ್ತೆಂಟು, ಒಮ್ಮೆ ಮೂವತ್ತೊಂದು. ಎಂದೂ ಪಾಸಾಗುವಷ್ಟು ಬರಲಿಲ್ಲ. ಸಾವ್ಕಾರರು ನನ್ನನ್ನು ಕರೆದರು. "ಮಷೀನಿಗೆ ಬೀಗರಿಲ್ಲ, ನೆಂಟರಿಲ್ಲ. ಅದು ಸುಳ್ಳ ಹೇಳಂಗಿಲ್ಲ. ದುರಗಪ್ಪಗ ವಯಸ್ಸಾತು. ಗೋಡೌನ್ ಗೇಟಿಗೆ ಕೂಡಸ್ರಿ. ವಿರುಪಾಕ್ಷಿಗೆ ಒಂದ ಸನ್ಮಾನ ಇಟಗೋಳ್ರಿ" ಎಂದರು. ಇಪ್ಪತ್ತೊಂಬತ್ತು ವರ್ಷವನ್ನು ಹನ್ನೆರಡು ಶನಿವಾರಗಳು ತಿಂದುಹಾಕಿದವು. ನಾನು "ಹೌದ್ರಿ" ಎಂದೆ. ಸಾವ್ಕಾರರ ಮುಂದೆ ನನಗೆ ಬರುವ ಕನ್ನಡ ಅಷ್ಟೇ.

ಸುದ್ದಿ ಹೇಳಿದಾಗ ದುರಗಪ್ಪ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ. "ಇಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಏನ್ ತಪ್ಪ ಮಾಡೀನಿ, ಅಷ್ಟ ಹೇಳ್ರಿ. ತಪ್ಪ ಗೊತ್ತಿಲ್ದ ಗಾಡಿ ಇಳದ್ರ ನಿದ್ದಿ ಬರಂಗಿಲ್ಲ ನನಗ." ನಾಳೆ ನೋಡಿ ಹೇಳುತ್ತೇನೆ ಎಂದು ಕಳಿಸಿದೆ.

ಊಟವಾದ ಮೇಲೆ ಮೊದಲ ಬಾರಿಗೆ ದುರಗಪ್ಪನ ಮಷೀನು ತೆಗೆದ ಫೋಟೊಗಳನ್ನು ತೆರೆದೆ. ಅಲ್ಲಿಯವರೆಗೆ ಅಂಕ ಮಾತ್ರ ನೋಡಿ ಸ್ಟಾಂಪು ಒತ್ತುತ್ತಿದ್ದೆ. ಹುಲ್ಲು ಹೇರಿದ ಟ್ರ್ಯಾಕ್ಟರು, ಒಂದು ಆಟೊ, ಆರೇಳು ಆಡು. ಎಲ್ಲವೂ ಕಾರಟಗಿ ಮತ್ತು ಗಂಗಾವತಿಯ ನಡುವಿನವೇ. ಕುಷ್ಟಗಿ ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಒಂದೂ ಇಲ್ಲ. ವಿಷಯ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ದುರಗಪ್ಪ ಮುಂದಿನ ಲಾರಿಯಿಂದ ಸರಿಯಾದ ಅಂತರ ಬಿಡುತ್ತಿದ್ದ. ಬಿಟ್ಟ ಅಂತರದೊಳಗೆ ಊರೆಲ್ಲ ನುಗ್ಗುತ್ತಿತ್ತು. ನುಗ್ಗಿದಾಗಲೆಲ್ಲ ಮಷೀನು ಕಿರುಚಿ ಅವನ ಅಂಕವನ್ನೇ ಕಳೆಯುತ್ತಿತ್ತು. ನುಗ್ಗಿದವನ ಅಂಕ ಕಳೆಯುವ ಮಷೀನನ್ನು ಇನ್ನೂ ಯಾರೂ ಮಾಡಿಲ್ಲ. ಎಂಥ ಅನಾಗರಿಕ ಜನ ಎಂದು ಒಬ್ಬನೇ ಬೈದುಕೊಳ್ಳುತ್ತ ಫೋಟೊ ಸರಿಸುತ್ತಿದ್ದೆ. ಒಂದರಲ್ಲಿ ಬೈಕೊಂದು ಬಂಪರಿಗೆ ಮಾರು ದೂರದಲ್ಲಿ ತೂರಿಕೊಂಡಿತ್ತು. ಸವಾರನ ಬೆನ್ನು, ಬೋಳು ತಲೆ, ಕನ್ನಡಿಗೆ ನೇತಾಡುವ ಹೆಲ್ಮೆಟ್. ಸೀಟಿನ ಹಿಂದೆ ಒಂದು ಚೀಲ, ಚೀಲದ ಮೇಲೆ ತಲೆಕೆಳಗಾದ ಗಿಳಿ.

ಮುಂದಿನ ಫೋಟೊದಲ್ಲೂ ಗಿಳಿ. ಅದರ ಮುಂದಿನದರಲ್ಲೂ. ಅರ್ಧಕ್ಕಿಂತ ಹೆಚ್ಚು ಫೋಟೊಗಳಲ್ಲಿ ಆ ಗಿಳಿಯೇ ನನ್ನನ್ನು ನೋಡುತ್ತಿತ್ತು. ನನ್ನ ಬೆನ್ನನ್ನು ನಾನು ಅಷ್ಟು ಹೊತ್ತು ಹಿಂದೆಂದೂ ನೋಡಿರಲಿಲ್ಲ. ಅದು ಕೂಡ, ಖಾಲಿ ಜಾಗದ ನಡುವೆ, ಬಲು ನೆಮ್ಮದಿಯಿಂದ ಕೂತ ಬೆನ್ನು.

ಆಮೇಲೆ ಕಾಗದದ ಮೇಲಿದ್ದ ಪುಸ್ತಕವನ್ನೂ ತೆರೆದೆ. ಹಳದಿ ದೀಪದ ಪುಟ ಸಿಕ್ಕಿತು. ಕಣ್ಣು ಮುಚ್ಚಿಹೋಗಿದೆ, ಒರೆಸಿರಿ, ಎಂದು ಅದರಲ್ಲಿ ಬರೆದಿತ್ತು. ವಿರುಪಾಕ್ಷಿಯ ಮಷೀನಿಗೆ ಮೂರು ತಿಂಗಳಿಂದ ಏನೂ ಕಂಡಿರಲಿಲ್ಲ. ಕಾಣದ್ದರಿಂದ ಕಿರುಚಿರಲಿಲ್ಲ, ಕಿರುಚದ್ದರಿಂದ ಅವನು ಮುಂದಿನ ಲಾರಿಯ ಬಾಲಕ್ಕೆ ಮೂತಿ ತಾಗಿಸಿಕೊಂಡೇ ಓಡಿಸಿದ್ದ, ಹಾಗಾಗಿ ನೂರಕ್ಕೆ ನೂರು. ನನ್ನ ಕೈ ಒಬ್ಬನಿಗೆ ಸನ್ಮಾನ ಕೊಡಿಸಿತ್ತು, ನನ್ನ ಬೆನ್ನು ಇನ್ನೊಬ್ಬನನ್ನು ಗಾಡಿಯಿಂದ ಇಳಿಸಿತ್ತು.

ಸಾವ್ಕಾರರಿಗೆ ಹೇಳಬೇಕೆಂದು ಫೋನ್ ಎತ್ತಿದೆ. ಏನೆಂದು ಹೇಳುವುದು? ಸುರಕ್ಷತಾ ಅಧಿಕಾರಿಯೇ ಮೊದಲು ಮಷೀನಿನ ಕಣ್ಣು ಕಟ್ಟಿದ, ಆಮೇಲೆ ಅದರ ಮುಂದೆ ನುಗ್ಗಿದ ಎಂದೇ? ಸನ್ಮಾನದ ಬ್ಯಾನರ್ ಬೇರೆ ಪ್ರಿಂಟಾಗಿ ಬಂದಿತ್ತು. ಫೋನ್ ಇಟ್ಟೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾನು ಹೇಡಿ ಎಂದು ಒಪ್ಪಿಕೊಳ್ಳಲು ನನಗೆ ಯಾವಾಗಲೂ ಒಂದು ನಾಳೆ ಬೇಕಾಗುತ್ತದೆ.

ಮರುದಿನ ದುರಗಪ್ಪ ಬಂದ. "ಮಷೀನಿನ ಲೆಕ್ಕ ನಮ್ಮಂಥೋರಿಗೆ ತಿಳಿಯಂಗಿಲ್ಲ ದುರಗಪ್ಪ" ಎಂದೆ. ಅವನು ನನ್ನ ಮುಖ ನೋಡಲಿಲ್ಲ. ನನ್ನ ಕುರ್ಚಿಯ ಹಿಂದೆ ಮೊಳೆಗೆ ತೂಗುಹಾಕಿದ್ದ ಬುತ್ತಿಯ ಚೀಲವನ್ನು ಒಂದು ಗಳಿಗೆ ನೋಡಿದ. "ಹೌದ್ರಿ, ತಿಳಿಯಂಗಿಲ್ಲ" ಎಂದು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ಕೀಲಿಗೆ ಕಟ್ಟಿದ್ದ ಕರಿ ದಾರ ಹಿಡಿದು ಹಿಡಿದು ಬೆಳ್ಳಗಾಗಿತ್ತು.

ಸನ್ಮಾನ ಚೆನ್ನಾಗಿಯೇ ಆಯಿತು. ವಿರುಪಾಕ್ಷಿಗೆ ಶಾಲು, ಹಾರ, ಜೊತೆಗೆ ಹಿರಿಯನ ಜಾಗವಾದ ನಾಲ್ಕನೆಯ ಸ್ಥಾನ. ದುರಗಪ್ಪನ ಗಾಡಿ ಹೊಸಬನೊಬ್ಬನ ಕೈಗೆ ಹೋಗಿ ಮೂರನೆಯದಾಯಿತು. ಸುರಕ್ಷತೆಯ ಮಹತ್ವದ ಕುರಿತು ನಾನು ಹತ್ತು ನಿಮಿಷ ಮಾತಾಡಿದೆ. "ಅಂತರವೇ ಜೀವ" ಎಂದಾಗ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಹಿಂದೆ ಗೋಡೌನ್ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದ ದುರಗಪ್ಪನೂ ತಟ್ಟಿದ. ಸಮಾರಂಭ ಮುಗಿದ ಮೇಲಾದರೂ ಹೋಗಿ ಆ ಕಣ್ಣು ಒರೆಸಬೇಕಿತ್ತು. ಒರೆಸಿದರೆ ಶನಿವಾರ ಅಂಕ ಬೀಳುತ್ತದೆ, ಬಿದ್ದರೆ ಸಾವ್ಕಾರರು ಯಾಕೆ ಎಂದು ಕೇಳುತ್ತಾರೆ. ಅದನ್ನೂ ನಾಳೆಗೆ ಇಟ್ಟುಕೊಂಡೆ.

ಆ ವಾರವೆಲ್ಲ ಲಾರಿಗಳಿಗಿಂತ ಮೊದಲೇ ಹೊರಟು ತಪ್ಪಿಸಿಕೊಂಡೆ. ಶನಿವಾರ ತಡವಾಯಿತು. ಸಿದ್ದಾಪುರ ದಾಟಿದ ಮೇಲೆ ನಾಲ್ಕನೆಯ ಲಾರಿ ಸಿಕ್ಕಿತು. ಬಲಗಡೆಯಿಂದ ಅದನ್ನು ಹಿಂದೆ ಹಾಕುವಾಗ ಎದುರಿಗೆ ಟ್ರ್ಯಾಕ್ಟರು ಬಂತು. ಪ್ರತಿ ಸಲ ಬರುತ್ತದೆ, ಪ್ರತಿ ಸಲ ನಾನು ಎಡಕ್ಕೆ ವಾಲಿಸಿ ಎರಡು ಲಾರಿಗಳ ನಡುವಿನ ಜಾಗಕ್ಕೆ ಸೇರಿಕೊಳ್ಳುತ್ತೇನೆ. ಅಂದೂ ಕಣ್ಣು ಮುಚ್ಚಿ ವಾಲಿಸಿದೆ. ಅಲ್ಲಿ ಜಾಗವಿರಲಿಲ್ಲ. ಬಗಲಿಗೇ ಚೆಂಡು ಹೂವಿನ ಮಾಲೆ, ಅದರ ಹಿಂದೆ ನಾನೇ ಶುರು ಮಾಡಿದ ವಿಭೂತಿ. ಡಬ್ಬಿ ಕಿರುಚಲಿಲ್ಲ, ಬ್ರೇಕ್ ಬೀಳಲಿಲ್ಲ. ಬಂಪರಿನ ಮೂತಿ ಸವರಿಕೊಂಡು, ಎಡಗಡೆಯ ರಸ್ತೆಯಂಚು ದಾಟಿ, ಬೈಕ್ ಸಮೇತ ಭತ್ತದ ಗದ್ದೆಯ ರಾಡಿಗೆ ಬಿದ್ದೆ. ವಿರುಪಾಕ್ಷಿಗೆ ತಿಳಿಯಲೇ ಇಲ್ಲ. ಸಾಲು ಮುಂದೆ ಹೋಯಿತು. ಬೈಕ್ ಬುಡಮೇಲಾಗಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಗಿಳಿ ನೆಟ್ಟಗೆ ಕಾಣುತ್ತಿತ್ತು.

ಕುಂಟುತ್ತ ಗಂಗಾವತಿ ಮುಟ್ಟಿದಾಗ ಗೇಟಿನಲ್ಲಿ ದುರಗಪ್ಪ ಇದ್ದ. ಮೇಲಿನಿಂದ ಕೆಳಗಿನವರೆಗೆ ರಾಡಿ ಮೆತ್ತಿದ ನನ್ನನ್ನು ನೋಡಿ ಒಂದು ಕೊಡ ನೀರು ತಂದ. ಮೊಣಕೈ ಮೇಲೆ ನಿಧಾನವಾಗಿ ಸುರಿದ.

"ಜಾಗಾ ಬಿಡಲಿಲ್ಲೇನ್ರಿ?" ಎಂದ.

ನಾನು ಮೊಣಕೈಯ ರಾಡಿ ತಿಕ್ಕತೊಡಗಿದೆ.

"ನಂದ ತಪ್ಪಾತ್ರಿ. ವಿರುಪಾಕ್ಷಿಗೆ ಹೇಳಾಕ ಮರ್ತೆ. ಸಿದ್ದಾಪುರ ದಾಟಿದ ಮ್ಯಾಲ ನಮ್ಮ ಸಾಹೇಬ್ರು ಬರ್ತಾರ, ಸ್ವಲ್ಪ ಹಿಂದ ಉಳಿ ಅಂತ ಹೇಳಬೇಕಿತ್ತು" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಂಜೆ ವಾರದ ವರದಿ ಬಂತು. ನಾಲ್ಕನೆಯ ಲಾರಿ, ವಿರುಪಾಕ್ಷಿ: ನೂರಕ್ಕೆ ನೂರು. ಅಪಾಯದ ಘಟನೆಗಳು: ಇಲ್ಲ. ಸಾವ್ಕಾರರಿಗೆ ಕಳಿಸಲು ಕೆಳಗೆ ಸುರಕ್ಷತಾ ಅಧಿಕಾರಿಯ ಸ್ಟಾಂಪು ಒತ್ತಿದೆ. ಸ್ಟಾಂಪು ನೆಟ್ಟಗೇ ಬಿತ್ತು. ಸಹಿ ಮಾತ್ರ ಸೊಟ್ಟಗಾಯಿತು, ಮೊಣಕೈ ಊದಿತ್ತು.