‘ಅಲೌ’ ಒತ್ತುವ ಮಾಮಾ

ನಮ್ಮ ಮಾಮಾನಿಗೆ ‘ಬೇಡ’ ಎನ್ನಲು ಬರುವುದಿಲ್ಲ ಎಂದು ಹಡಪಸರದ ಮಾರ್ಕೆಟ್ಟಿನಲ್ಲಿ ಹೇಳಿ ನೋಡಿ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲೇಬೇಕು! ಅಲ್ಲಿ ಬಹಳ ವರ್ಷ ಮೊಳೆ, ತಿರುಪು, ಬಿಜಾಗರಿ, ನಲ್ಲಿಗಳ ಅಂಗಡಿ ನಡೆಸಿದ ಮಾಮಾನ ಬಾಯಲ್ಲಿ ಗಿರಾಕಿಗಳು ಹೆಚ್ಚಾಗಿ ಕೇಳಿದ ಮಾತೇ ‘ಇಲ್ಲ’. ಸ್ವಲ್ಪ ಕಡಿಮೆ ಮಾಡಿ ಎಂದವರಿಗೆ ಇಲ್ಲ. ಗಣಪತಿ ಮಂಡಳದ ಚಂದಾ ಕೇಳಿದವರಿಗೆ ಇಲ್ಲ. ತಿರುಪಿನ ಜೊತೆ ಒಂದು ವಾಷರ್ ಹಾಗೇ ಕೊಡಿ ಎಂದ ಸ್ವಂತ ಷಡ್ಡಕನಿಗೂ ಇಲ್ಲ. ಮದುವೆಯ ಊಟದಲ್ಲಿ ಎರಡನೆಯ ಸಲ ಜಿಲೇಬಿ ತಂದವನು ಇವರ ಮುಖ ನೋಡಿ ಪಕ್ಕದ ಎಲೆಗೆ ಹಾರುತ್ತಿದ್ದ.

ಇಂಥ ಮನುಷ್ಯ ‘ಬೇಡ’ ಎನ್ನಲಾರದ್ದು ಈ ಭೂಮಿಯ ಮೇಲೆ ಒಂದಕ್ಕೇ. ಕಂಪ್ಯೂಟರಿಗೆ!

ಅಂಗಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೆ ಮಾಮಾ ಒಂದು ಲ್ಯಾಪ್‌ಟಾಪ್ ತಂದರು. ‘ಕಲಿಯೋದೇನದ ಅದರಾಗ? ಜನ್ಮ ಎಲ್ಲಾ ಹಾರ್ಡ್‌ವೇರ್‌ನಾಗ ತಗದೀನಿ, ಸಾಫ್ಟ್‌ವೇರ್ ಏನು ಮಹಾ!’ ಎಂದರು. ಈ ಜೋಕು ಅವರಿಗೆ ಎಷ್ಟು ಹಿಡಿಸಿತೆಂದರೆ, ಕೇಳಿದವರೆಲ್ಲ ಸಾಕಾಗಿ ಎದ್ದುಹೋದ ಮೇಲೆ ಹಾಲು ಹಾಕಲು ಬಂದವನಿಗೆ ಮರಾಠಿಯಲ್ಲಿ ಅನುವಾದ ಮಾಡಿ ಹೇಳಿದರು.

ಇನ್ನು ನನ್ನ ಪಾಡು. ನಾನು ಅವರ ತಂಗಿಯ ಮಗಳು. ಹತ್ತಿರದ ಮಗರಪಟ್ಟಾದ ಒಂದು ಕಂಪನಿಯಲ್ಲಿ ಸಿಬ್ಬಂದಿಯ ರಜೆ, ಹಾಜರಿ ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ನಮ್ಮ ಕಟ್ಟಡಕ್ಕೆ ಎಲ್ಲ ಕಡೆ ಗಾಜು ಇದೆಯಲ್ಲ? ಅಂದ ಮೇಲೆ ನನಗೆ ಕಂಪ್ಯೂಟರ್ ರಿಪೇರಿ ಬರಲೇಬೇಕು ಎಂಬುದು ನಮ್ಮ ಬಳಗದ ತೀರ್ಮಾನ. ಗಾಜಿನ ಕಟ್ಟಡದಲ್ಲಿ ಕೂತವಳಿಗೆ ಬಾರದ ವಿದ್ಯೆ ಯಾವುದಿದೆ!

ಕೆಲವು ತಿಂಗಳ ನಂತರ ಮೊದಲ ಸಲ ಆ ಲ್ಯಾಪ್‌ಟಾಪ್ ತೆರೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಪರದೆಯ ಮೇಲ್ಭಾಗದಲ್ಲಿ ಪಟ್ಟಿಯ ಮೇಲೆ ಪಟ್ಟಿ; ಒಂದರಲ್ಲಿ ಯಾವುದೋ ದೇಶದ ಹವಾಮಾನ, ಇನ್ನೊಂದರಲ್ಲಿ ಕುಣಿಯುವ ಗಿಳಿ. ಎಡಗಡೆ ಕೂದಲು ಬೆಳೆಸುವ ಎಣ್ಣೆ, ಬಲಗಡೆ ಕೂದಲು ತೆಗೆಯುವ ಕ್ರೀಮು. ಇವೆಲ್ಲದರ ನಡುವೆ ಪೋಸ್ಟ್‌ಕಾರ್ಡಿನಷ್ಟು ಜಾಗ ಉಳಿದಿತ್ತು. ಮಾಮಾ ಅದರಲ್ಲಿ ಪೇಪರ್ ಓದುತ್ತಿದ್ದರು, ಕಿಟಕಿಯ ಸಂದಿಯಿಂದ ಪಕ್ಕದ ಮನೆ ನೋಡುವವರ ಹಾಗೆ.

‘ಮಾಮಾ, ಇವನ್ನೆಲ್ಲಾ ಯಾರು ಒಳಗ ಬಿಟ್ರು?’

‘ನಾನs ಬಿಟ್ಟೆ. ಪಾಪ, ಕೇಳಿ ಬಂದಾವವ್ವಾ. “ಅಲೌ ಮಾಡ್ತೀರೇನು?” ಅಂತ ಮರ್ಯಾದಿಯಿಂದ ಕೇಳ್ತಾವ. ಬಾಗಲಾ ಬಡದು ಕೇಳಿದವರಿಗೆ ಬ್ಯಾಡ ಅನ್ನೋದು ಹ್ಯಾಂಗ?’

‘ಅಂಗಡಿಯೊಳಗ ಎಲ್ಲಾರಿಗೂ ಅಂತಿದ್ರಲ್ಲಾ!’

‘ಅವರು ರೊಕ್ಕಾ ಕಡಿಮಿ ಮಾಡು ಅಂತಿದ್ರು. ಇವು ಎಲ್ಲಾ ಪುಕ್ಕಟೆ ಕೊಡ್ತಾವ. ಫರಕ ತಿಳೀಲಿಲ್ಲೇನು ನಿನಗ?’

ತಿಳಿಯಿತು. ಆ ಪುಕ್ಕಟೆಯೇ ಬಾಗಿಲು ಎಂಬುದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಪುಕ್ಕಟೆ ಪ್ರೋಗ್ರಾಮೊಂದನ್ನು ಕರೆದರೆ ಅದು ತನ್ನ ಬಂಧುಬಳಗವನ್ನೂ ಕರೆತರುತ್ತದೆ. ‘ನಮ್ಮ ಜೊತೆ ಇವರೂ ಬರಬಹುದೇ?’ ಎಂದು ಸಣ್ಣ ಅಕ್ಷರದಲ್ಲಿ ಕೇಳಿ, ಉತ್ತರದ ಚೌಕದಲ್ಲಿ ತಾನೇ ಮೊದಲೇ ಟಿಕ್ ಹಾಕಿಟ್ಟಿರುತ್ತದೆ. ನಾವು ಓದದೆ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತೇವೆ. ಮಾಮಾ ಹಾಗಲ್ಲ! ಪ್ರತಿ ಸಲ ತಲೆಯಾಡಿಸಿ, ‘ಹೂಂನ್ರಿ’ ಎಂದು ಬಾಯಿಬಿಟ್ಟು ಹೇಳಿ ಒತ್ತುತ್ತಿದ್ದರು.

ಆ ದಿನ ಕಣ್ಣಿಗೆ ಕಂಡ ಒಂದಿಷ್ಟನ್ನು ಮುಚ್ಚಿ, ಉಪದೇಶ ಮಾಡಿ ಬಂದೆ. ಮರುವಾರ ನಾನು ಆಫೀಸಿನ ಮೀಟಿಂಗಿನಲ್ಲಿದ್ದಾಗ ಮಾಮಾನ ಫೋನು.

‘ಲಗೂನ ಬಾರವ್ವಾ! ಕಂಪ್ಯೂಟರ್ ಅಪಾಯದಾಗ ಅದ ಅಂತ! ಕೆಂಪಗಾಗಿ ಹೊಯ್ಕೊಳ್ಳಿಕ್ಕತ್ತದ. ಈ ನಂಬರಿಗೆ ಫೋನ್ ಮಾಡ್ರಿ ಅಂತ ಬರದಾರ.’

‘ಮಾಡಬ್ಯಾಡ್ರಿ! ಅದು ಸುಳ್ಳು, ಮಾಮಾ. ಮೊದಲ ಅದನ್ನ ಬಂದ್ ಮಾಡ್ರಿ.’

‘ಬಂದ್’ ಎಂದರೆ ಆ ಪುಟವನ್ನು ಎಂದು ನನ್ನ ಅರ್ಥ. ಮಾಮಾ ಓಡಿಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದರು! ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಅಡುಗೆಮನೆಯಲ್ಲಿ ಮಾಮಿಯ ಮಿಕ್ಸರ್ ಅರೆಬರೆ ಚಟ್ನಿಯಲ್ಲಿ ಉಸಿರುಬಿಟ್ಟಿತು. ಬ್ಯಾಟರಿಯ ಮೇಲಿದ್ದ ಲ್ಯಾಪ್‌ಟಾಪ್ ಮಾತ್ರ ಮೊದಲಿನಂತೆಯೇ ಅರಚುತ್ತಿತ್ತು.

ಫೋನಿನಲ್ಲಿ ಮಾಮಾ ಕೂಗಿಕೊಂಡರು: ‘ಅಯ್ಯ ನಮ್ಮಪ್ಪಾ! ಕರೆಂಟ್ ತಗದ್ರೂ ಸಾಯವಲ್ಲದು ಇದು!’

ಹಿಂದಿನಿಂದ ಮಾಮಿ: ‘ನನ್ನ ಚಟ್ನಿ ಸತ್ತದ, ಅದನ್ನ ನೋಡ್ರಿ ಮೊದಲ!’

ಮೀಟಿಂಗಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೇಳಿ ಹೊರಗೆ ಬಂದೆ. ಸುಳ್ಳೇನಲ್ಲ, ಬಿಡಿ.

ಇದಾದ ಮೇಲಾದರೂ ಬುದ್ಧಿ ಬಂತೆ? ನಮ್ಮ ಕನ್ನಡ ಮಂಡಳಿಯ ಸ್ನೇಹಕೂಟದ ಕಥೆ ಕೇಳಿ. ಮಂಡಳಿಯ ಹೆಂಗಸರೆಲ್ಲ ಸೇರಿ ಸಾಸವಡಕ್ಕೆ ಪ್ರವಾಸ ಹೋಗಿ ಬಂದಿದ್ದರು. ಆ ಫೋಟೋಗಳನ್ನು ಮದುವೆ ನಡೆಯುವ ಮಂಗಲ ಕಾರ್ಯಾಲಯದ ಹಾಲಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವ ಹೊಣೆಯನ್ನು ಮಾಮಾ ತಾವಾಗಿಯೇ ಹೊತ್ತುಕೊಂಡರು. ಬೇರೆಯವರ ಲ್ಯಾಪ್‌ಟಾಪ್ ತರೋಣ ಎಂದು ನಾನೆಂದರೆ, ‘ನಂದಕ್ಕೇನು ಧಾಡಿ ಆಗೇದ?’ ಎಂದು ಸಿಟ್ಟಾದರು.

ಹಾಲ್ ಜನರಿಂದ ತುಂಬಿತ್ತು. ಇಸ್ತ್ರಿ ಮಾಡಿದ ಜಾಕೀಟು ತೊಟ್ಟ ಮಾಮಾ ಒಂದೊಂದೇ ಫೋಟೋ ಸರಿಸುತ್ತಿದ್ದರು. ಹೆಂಗಸರೆಲ್ಲ ಮರದ ನೆರಳಿನಲ್ಲಿ ಸಾಲಾಗಿ ಕುಳಿತು ನಗುತ್ತಿರುವ ಫೋಟೋ ಬಂತು. ಅದೇ ಹೊತ್ತಿಗೆ ಪರದೆಯ ಮೂಲೆಯಲ್ಲಿ ‘ಟಿಂಗ್’ ಎಂದು ಒಂದು ಡಬ್ಬಿ ಏರಿ ಬಂತು, ಇಂಗ್ಲಿಷಿನಲ್ಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಹೆಡ್‌ಕ್ಲರ್ಕೊಬ್ಬರು ಅದು ಫೋಟೋದ ಕೆಳಗಿನ ಒಕ್ಕಣೆ ಎಂದೇ ತಿಳಿದು, ಇಂಗ್ಲಿಷ್ ಬಾರದವರಿಗೆ ಉಪಕಾರವಾಗಲೆಂದು ಎದ್ದು ನಿಂತು, ಸ್ಪಷ್ಟವಾದ ಕನ್ನಡದಲ್ಲಿ ಓದಿದರು:

‘ಹಡಪಸರದ ಒಂಟಿ ಮಹಿಳೆಯರು ನಿಮ್ಮ ಭೇಟಿಗಾಗಿ ಕಾಯುತ್ತಿದ್ದಾರೆ.’

ಹಾಲಿನಲ್ಲಿದ್ದ ತಲೆಗಳೆಲ್ಲ ಮಾಮಾನ ಕಡೆ ತಿರುಗಿದವು! ಆಮೇಲೆ ಹೆಂಗಸರ ಸಾಲಿನಿಂದ ಮಾಮಿ ಎದ್ದರು.

‘ಏನ್ರೀ ಇದು? ಆ ಫೋಟೋದಾಗ ನಟ್ಟನಡುವ ಕೂತಾಕಿ ನಾನs! ನಾ ಯಾರ ಹಾದಿ ಕಾಯ್ಲಿಕ್ಕತ್ತೀನಿ?’

ಮಾಮಾ ಗಾಬರಿಯಲ್ಲಿ ಆ ಡಬ್ಬಿಯನ್ನು ಮುಚ್ಚಲು ಹೋಗಿ ಅದರ ಮೇಲೆಯೇ ಒತ್ತಿದರು. ಮುಂದೆ ಪರದೆಯ ಮೇಲೆ ಏನು ಬಂತೆಂದು ನಾನಿಲ್ಲಿ ಬರೆಯುವುದಿಲ್ಲ. ಮಂಡಳಿಯ ಅಧ್ಯಕ್ಷರು ಹಾರಿಹೋಗಿ ಪ್ರೊಜೆಕ್ಟರಿನ ಮುಂದೆ ನಿಂತರು. ಚಿತ್ರ ಅವರ ಬಿಳಿ ಅಂಗಿಯ ಮೇಲೆ ಇನ್ನೂ ಚೆನ್ನಾಗಿ ಮೂಡಿತು!

ಮರುದಿನ ಭಾನುವಾರ. ನಾನು ಹೋದಾಗ ಮಾಮಿ ಮಾಮಾನ ಜೊತೆ ಮಾತು ಬಿಟ್ಟಿದ್ದರು. ಮಾಮಾ ಮಳೆಯಲ್ಲಿ ನೆನೆದ ಬೆಕ್ಕಿನಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಇಂದು ಎಲ್ಲವನ್ನೂ ಬೇರು ಸಮೇತ ಕೀಳುತ್ತೇನೆಂದು ನಾನು ಲ್ಯಾಪ್‌ಟಾಪನ್ನು ಎದುರಿಗೆ ಎಳೆದುಕೊಂಡೆ.

ಮೊದಲು ಪ್ರೋಗ್ರಾಮುಗಳನ್ನು, ಇತ್ತೀಚೆಗೆ ಬಂದವು ಮೇಲೆ ಕಾಣುವ ಹಾಗೆ ಜೋಡಿಸಿದೆ. ಹಾಡು ಕತ್ತರಿಸುವುದು, ಫೋಟೋ ಬೆಳ್ಳಗೆ ಮಾಡುವುದು, ವೇಗ ಹೆಚ್ಚಿಸುವುದು, ವೇಗ ಹೆಚ್ಚಿಸುವುದನ್ನು ಕಾಯುವುದು! ಒಂದೊಂದನ್ನೇ ಕಿತ್ತೆ. ಒಂದಂತೂ ಹೋಗುವ ಮುನ್ನ ಅಳುವ ಮುಖವೊಂದನ್ನು ತೋರಿಸಿ, ‘ನಿಜವಾಗಿಯೂ ನಮ್ಮನ್ನು ಕಳಿಸುತ್ತೀರಾ?’ ಎಂದು ಕೇಳಿತು.

‘ಪಾಪ, ಅಳ್ಲಿಕ್ಕತ್ತದ ನೋಡವ್ವಾ,’ ಎಂದರು ಮಾಮಾ.

‘ನಿಮ್ಮ ಷಡ್ಡಕ ಒಂದು ವಾಷರ್ ಸಲುವಾಗಿ ಅಳೋ ಹಾಂಗ ಆಗಿದ್ರಲ್ಲಾ, ಅವಾಗ ಈ ಪಾಪ ಎಲ್ಲಿ ಹೋಗಿತ್ತು?’

ಮಾಮಾ ಛಾವಣಿ ನೋಡಿದರು.

ಮೆಷಿನ್ನನ್ನು ಒಮ್ಮೆ ಆರಿಸಿ ಹಚ್ಚಿ, ಬ್ರೌಸರಿಗೆ ಕೈ ಹಾಕಿದೆ. ‘ಟಿಂಗ್’ ಎಂದು ಸಂದೇಶ ಕಳಿಸಲು ಮಾಮಾ ಅನುಮತಿ ಕೊಟ್ಟ ಜಾಲತಾಣಗಳ ಹೆಸರುಗಳು ಉರುಳಿಸಿದಷ್ಟೂ ಮುಗಿಯಲಿಲ್ಲ. ಒಂಟಿ ಮಹಿಳೆಯರೂ ಅಲ್ಲೇ ಸಿಕ್ಕರು. ಅವರನ್ನು ಮೊದಲು ಹೊರಗೆ ಕಳಿಸಿದೆ. ತನ್ನಷ್ಟಕ್ಕೆ ಬದಲಾಗಿದ್ದ ಮೊದಲ ಪುಟವನ್ನು, ಸರ್ಚ್ ಎಂಜಿನ್ನನ್ನು ಮೊದಲಿನಂತೆ ಮಾಡಿದೆ. ಮೆಷಿನ್ನಿನಲ್ಲೇ ಇರುವ ರಕ್ಷಣೆಯ ಪ್ರೋಗ್ರಾಮಿಗೆ ಮೂಲೆಮೂಲೆ ಜಾಲಾಡಲು ಹೇಳಿದೆ. ಅದು ಜಾಲಾಡುತ್ತಿರುವಾಗ ಮಾಮಾನಿಗೆ ಪಾಠ ಶುರುವಾಯಿತು.

‘ಏನರ ಬೇಕಾದ್ರ ಅದನ್ನ ಮಾಡಿದವರ ತಾಣದಿಂದನs ತಗೋಬೇಕು. ಹಾಕೋ ಮುಂದ ಟಿಕ್ ಎಲ್ಲೆಲ್ಲಿ ಅವ ನೋಡಿ ತಗೀಬೇಕು. “ಅಲೌ” ಅಂತ ಕೇಳಿದ್ರ “ಬ್ಲಾಕ್” ಒತ್ತಬೇಕು. ಹೆದರಸಿದ್ರ ಪುಟ ಮುಚ್ಚಬೇಕು, ಮೇನ್ ಸ್ವಿಚ್ ಅಲ್ಲ. ಒತ್ತಿ ತೋರಸ್ರಿ ಈಗ.’

ನಾನು ತೆರೆದ ಒಂದು ಪುಟ ಅನುಮತಿ ಕೇಳಿತು. ಮಾಮಾನ ಬೆರಳು ‘ಬ್ಲಾಕ್’ ಮೇಲೆ ಹೋಗಿ ನಿಂತಿತು. ಕೊನೆಗೆ ಕಣ್ಣು ಮುಚ್ಚಿ ಒತ್ತಿದರು.

‘ಸಿಟ್ಟಾಗೂದಿಲ್ಲಲ್ಲಾ?’

‘ಆಗಲಿ ಬಿಡ್ರಿ!’

ಇನ್ನು ಉಳಿದಿದ್ದವು ಬ್ರೌಸರಿಗೆ ಅಂಟಿಕೊಂಡಿದ್ದ ಸಣ್ಣ ಪುರವಣಿಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು. ಅವುಗಳನ್ನೂ ಕೀಳುತ್ತ ಕೊನೆಯದಕ್ಕೆ ಬಂದೆ. ಧ್ವನಿ ಹೆಚ್ಚಿಸುವ ಒಂದು ಪುರವಣಿ. ಅದೇ ಎಲ್ಲಕ್ಕಿಂತ ಖದೀಮ! ನಾವು ನೋಡುವ ಪ್ರತಿ ಪುಟವನ್ನೂ ಓದಿ, ಬೇಕಾದಲ್ಲಿ ತನ್ನ ಜಾಹೀರಾತು ತುರುಕುವ ಅಧಿಕಾರವನ್ನು ಮಾಮಾನಿಂದ ಪಡೆದಿತ್ತು. ತೆಗೆಯಲು ಹೋದೆ. ಮಾಮಾ ನನ್ನ ಕೈ ಹಿಡಿದರು.

‘ಅದೊಂದು ಇರ್ಲಿ.’

‘ಇದs ಕಳ್ಳರ ಮುಖಂಡ, ಮಾಮಾ!’

‘ಇರ್ಲಿ ಅಂದ್ನಲ್ಲಾ.’

ನನಗೆ ರೇಗಿತು. ‘ನಿನ್ನೆ ಹಾಲ್‌ನಾಗ ಮಾನ ಹೋದದ್ದು ಸಾಲಲಿಲ್ಲೇನು? ದನಿ ಜೋರು ಮಾಡಿ ಏನು ಕೇಳೋರಿದ್ದೀರಿ ನೀವು?’

ಮಾಮಾ ಅಡುಗೆಮನೆಯ ಕಡೆ ನೋಡಿದರು. ಮಾಮಿ ನಮಗೆ ಬೆನ್ನು ತಿರುಗಿಸಿ ಒಗ್ಗರಣೆ ಹಾಕುತ್ತಿದ್ದರು. ಜನ್ಮದಲ್ಲಿ ಮೆಲ್ಲಗೆ ಮಾತನಾಡಿ ಗೊತ್ತಿಲ್ಲದ ಮನುಷ್ಯ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು.

‘ನನಗಲ್ಲವ್ವಾ. ಆಕಿಗೆ. ಕಿವಿ ಮಂದ ಆಗ್ಲಿಕ್ಕತ್ತಾವ ಆಕೀವು. ದಿನಾ ಬಾಗಲಕೋಟಿ ತಂಗಿ ಜೋಡಿ ಇದರಾಗs ಮಾತಾಡ್ತಾಳಲ್ಲಾ, ಕೇಳಸ್ತಿರಲಿಲ್ಲ. ನಾ ಕಂಪ್ಯೂಟರ್ ದನಿ ಕೆಟ್ಟದ ಅಂತ ಹೇಳಿಬಿಟ್ಟೆ. ಆ ಮ್ಯಾಲ ದನಿ ಜೋರು ಮಾಡೋದು ಏನೇನು ಸಿಗತದ ಎಲ್ಲಾ ಹಾಕಿ ನೋಡಿದೆ. ಇದೊಂದು ಕೆಲಸಾ ಮಾಡ್ತು.’

‘ಡಾಕ್ಟರಿಗೆ ತೋರಸಬೇಕಿತ್ತಲ್ಲಾ?’

‘ಆಕಿ ಅವ್ವಗ ಹಿಂಗs ಆಗಿತ್ತು. ಮನ್ಯಾಗ ಎಲ್ಲಾರೂ ಕೂಗಿ ಕೂಗಿ, ಕಡೀಕ ಆ ಮುದುಕಿ ಜೋಡಿ ಮಾತಾಡೂದs ಬಿಟ್ರು. ಅದನ್ನ ನೋಡ್ಯಾಳ ಆಕಿ. ಭಾಳ ಹೆದರತಾಳ. ಮೊದಲ ನನ್ನ ಕಿವಿ ತೋರಸ್ಬೇಕು ಅಂತ ಆಕೀನ್ನ ಜೋಡಿ ಕರಕೊಂಡು ಡಾಕ್ಟರ್ ಕಡೆ ಹೊಂಟೀನಿ. ಅಲ್ಲಿ “ಬಂದೀದಿ ಹೆಂಗೂ, ನಿಂದೂ ನೋಡಸೋಣು ಬಾ” ಅಂದ್ರ ಬರ್ತಾಳ. ಅಲ್ಲೀ ತನಕಾ ಕೆಟ್ಟದ್ದು ಕಂಪ್ಯೂಟರ್ ಅಂತನs ಇರ್ಲಿ.’

ನಾನು ಕೈ ಹಿಂದೆಗೆದೆ. ಆದರೂ ಆ ಪುರವಣಿಯನ್ನು ಉಳಿಸುವ ಹಾಗಿರಲಿಲ್ಲ. ಅದಿದ್ದರೆ ಎಲ್ಲವೂ ಮರಳಿ ಬರುತ್ತವೆ. ಮೌಸ್ ತರುತ್ತೇವೆಂದು ಮಾಮಿಗೆ ಹೇಳಿ ಇಬ್ಬರೂ ಕೆಳಗಿಳಿದೆವು. ರಸ್ತೆಯಾಚೆಯ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಒಂದು ಜೋಡಿ ಸ್ಪೀಕರ್ ತಂದು, ಲ್ಯಾಪ್‌ಟಾಪಿನ ಹಿಂದೆ ಕಾಣದ ಹಾಗೆ ಇಟ್ಟು ತಂತಿ ಜೋಡಿಸಿದೆವು. ಆಮೇಲೆ ಪುರವಣಿಯನ್ನು ನಾನೇ ಕಿತ್ತೆ. ಈ ಸಲ ಮಾಮಾ ಕೈ ಹಿಡಿಯಲಿಲ್ಲ.

ಸಂಜೆ ಬಾಗಲಕೋಟೆಯಿಂದ ವಿಡಿಯೊ ಕಾಲ್ ಬಂತು. ಮಾಮಿ ಕೈ ಒರೆಸಿಕೊಂಡು ಬಂದು ಕೂತರು. ತಂಗಿಯ ದನಿ ಕೋಣೆ ತುಂಬ ಕೇಳಿಸಿತು. ಮಾಮಿಯ ಮುಖ ಅರಳಿತು. ಹಪ್ಪಳದ ಹಿಟ್ಟಿನಿಂದ ಹಿಡಿದು ಸೊಸೆಯ ತವರಿನ ತನಕ ಮಾತಾಡಿ ಮುಗಿಸಿ, ನಿನ್ನೆಯಿಂದ ಬಿಟ್ಟಿದ್ದ ಮಾತನ್ನು ಗಂಡನ ಜೊತೆ ಮತ್ತೆ ಆರಂಭಿಸಿದರು.

‘ನೋಡ್ರಿ, ಹುಡುಗಿ ಮುಟ್ಟಿದ್ದs ತಡ, ದನಿ ಎಷ್ಟು ನಿಚ್ಚಳ ಆತು. ನೀವs ಕೆಡಿಸಿ ಇಟ್ಟಿದ್ರಿ ಇಷ್ಟು ದಿನಾ.’

ಬೆಲೆಯ ಮೇಲಾಗಲಿ, ಮಾತಿನ ಮೇಲಾಗಲಿ ಯಾರಿಗೂ ಒಂದಿಷ್ಟು ಬಿಟ್ಟುಕೊಟ್ಟು ಗೊತ್ತಿಲ್ಲದ ಮಾಮಾ, ಸ್ಪೀಕರಿನ ತಂತಿಯನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ಸರಿಸುತ್ತ ಹೇಳಿದರು:

‘ಹೌದು ನೋಡು. ನಂದs ತಪ್ಪು.’