ರೊಟ್ಟಿ ಕಂಪನಿಯಲ್ಲಿ ನನ್ನ ಐದು ಷೇರು

ಐದು ಷೇರಿನ ಮನುಷ್ಯನಿಗೆ ಐವತ್ತು ಷೇರಿನ ಬಾಯಿ ಇರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ ನೋಡಿಕೊಳ್ಳುವ ನಾನು, ನಮ್ಮ ಚಾಳಿನ ನೀಲಕ್ಕ ಜೋಳದ ರೊಟ್ಟಿಯ ಕಂಪನಿ ತೆಗೆದಾಗ ಪಾಲುದಾರನಾದೆ. ಬಂಗಾರದ ಸರ ಮಾರಿ ಬಂಡವಾಳ ಹಾಕಿದ್ದರಿಂದ ನೂರರಲ್ಲಿ ಅರವತ್ತು ಷೇರು ನೀಲಕ್ಕನವು. ಉಳಿದವು ರೊಟ್ಟಿ ಬಡಿಯುವ ಏಳು ಹೆಣ್ಣುಮಕ್ಕಳಿಗೂ ನನಗೂ ತಲೆಗೆ ಐದರಂತೆ. ಷೇರುಪತ್ರಕ್ಕೆ ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಹೆಂಡತಿ ಅದೇ ಮೊಳೆಗೆ ಕ್ಯಾಲೆಂಡರನ್ನೂ ಸಿಕ್ಕಿಸಿ ಅದನ್ನು ಮುಚ್ಚಿಬಿಟ್ಟಳು.

ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಹಿಟ್ಟು ಸಾವರ್ಡೆಯಿಂದ, ನೀಲಕ್ಕನ ಅಳಿಯನ ಗಿರಣಿಯಿಂದ ಬರತೊಡಗಿತು. ಹಳೇ ಜೋಳ, ಜಿಗಿಯೇ ಇಲ್ಲ. ಹಂಚಿನ ಮೇಲೆ ಬೀಳುವ ಮೊದಲೇ ರೊಟ್ಟಿ ಬಿರಿಯುತ್ತಿತ್ತು. ಹೀಗೇ ಆದರೆ ರೊಟ್ಟಿ ಬೇಡವೆಂದು ನಮ್ಮ ರೊಟ್ಟಿ ಕೊಳ್ಳುತ್ತಿದ್ದ ವೆರ್ಣಾದ ಕ್ಯಾಂಟೀನಿನವರು ಹೇಳಿ ಕಳಿಸಿದರು. ಏಳೂ ಜನ ನನ್ನ ಮನೆಗೆ ಬಂದು, ಓದಿದವರು ನೀವೊಬ್ಬರೇ, ನೀವೇ ಹೇಳಬೇಕು ಎಂದರು. ಹೊಗಳಿದರೆ ನಾನು ಬಾವಿಗೂ ಹಾರುವವನು.

ವಾರ್ಷಿಕ ಸಭೆ ನೀಲಕ್ಕನ ಮನೆಯಲ್ಲೇ. ಅವರು ಕೊಟ್ಟ ಚಹಾ ಕುಡಿದು, ಅವರ ಚಾಪೆಯ ಮೇಲೆಯೇ ಎದ್ದು ನಿಂತು, ಅವರ ಅಳಿಯನ ಹಿಟ್ಟು ಕಂಪನಿಯನ್ನು ಮುಳುಗಿಸುತ್ತಿದೆ, ಬೇರೆ ಗಿರಣಿ ನೋಡೋಣ ಎಂದೆ. ನೀಲಕ್ಕ ಸೆರಗಿನ ಅಂಚು ನೋಡಿದರು.

"ನೀವು ಹೇಳೂದು ಖರೇ ಐತ್ರಿ," ಎಂದರು. "ಆದ್ರ ನಿಮಗ ಕಂಪನಿ ಒಂದ ಕಾಣತೈತಿ, ನನಗ ಮಗಳೂ ಕಾಣತಾಳ."

ಅರವತ್ತು ಷೇರಿನ ಅವರು ಬೇಡವೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇದು ತನ್ನ ಮನೆಯ ವಿಷಯ, ತಾನು ಕೈ ಎತ್ತುವುದಿಲ್ಲ, ನೀವೇ ತೀರ್ಮಾನ ಮಾಡಿ ಎಂದುಬಿಟ್ಟರು. ಒಂದೊಂದಾಗಿ ಏಳು ಕೈ ಮೇಲೆದ್ದವು. ಭಾಷಣ ಮಾಡಿದ ನನ್ನ ಕೈಯೇ ಕೊನೆಯದು.

ಅಳಿಯ ಗಿರಣಿ ಮುಚ್ಚಿದ. ನೀಲಕ್ಕ ಮಗಳನ್ನು ಕರೆಸಿಕೊಂಡು ನಮ್ಮಲ್ಲೇ ರೊಟ್ಟಿ ಬಡಿಯಲು ಕೂರಿಸಿದರು. ಹೊಸ ಗಿರಣಿ ಹುಡುಕುವ ಕೆಲಸ ನನ್ನ ತಲೆಗೆ ಬಂತು, ಹುಡುಕಿಯೂ ಕೊಟ್ಟೆ. ರೊಟ್ಟಿ ಈಗ ಕರವಸ್ತ್ರದಂತೆ ಮಡಚುತ್ತದೆ.

ಮೊನ್ನೆ ಹಿಟ್ಟಿನ ಚೀಲ ಇಳಿಸುವಾಗ ನೀಲಕ್ಕ ಮೆಲ್ಲಗೆ ಕೇಳಿದರು: "ಈ ಗಿರಣಿಯವರು ನಿಮಗೇನಾಗಬೇಕ್ರಿ?"

ಹೆಂಡತಿಯ ಅಣ್ಣ ಎಂದೆ. ಹಿಟ್ಟು ಮಾತ್ರ ನಿಜಕ್ಕೂ ಒಳ್ಳೆಯದು ಎಂದೂ ಸೇರಿಸಿದೆ. ಅದು ನಿಜವೇ. ಆದರೂ ಹೇಳುವಾಗ ನಾನು ಯಾಕೋ ಚೀಲದ ಹೊಲಿಗೆಯನ್ನೇ ನೋಡುತ್ತಿದ್ದೆ.